ಯಂತ್ರ ಶೇ 35 ಎಂದಿತು, ವೈದ್ಯರು ಶೇ 41 ಎಂದು ಸಹಿ ಹಾಕಿದರು: ಯಾವುದನ್ನು ನಂಬುವುದು?

ಪ್ರಶ್ನೆ: ನನ್ನ ತಂದೆಗೆ 63 ವರ್ಷ. ಏಳು ತಿಂಗಳ ಹಿಂದೆ ಹೃದಯಾಘಾತವಾಗಿ ಎರಡು ಸ್ಟೆಂಟ್ ಹಾಕಿದ್ದಾರೆ. ಮಾತ್ರೆಗಳನ್ನು ತಪ್ಪಿಸಿಲ್ಲ. ಊರಿನಲ್ಲಿ ಮಾಡಿಸಿದ ಎಕೋದಲ್ಲಿ ಹೃದಯದ ಪಂಪಿಂಗ್ ಶೇ 38 ಎಂದು ಬಂತು. ಶೇ 35ಕ್ಕೆ ಇಳಿದರೆ ಎದೆಯಲ್ಲಿ ಐಸಿಡಿ (ಬಡಿತ ಅಪಾಯಕಾರಿಯಾಗಿ ಕೆಟ್ಟಾಗ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಕೂರಿಸಬೇಕಾಗಬಹುದು, ಖಚಿತಪಡಿಸಿಕೊಳ್ಳಲು ಹೃದಯದ ಎಂಆರ್‌ಐ ಮಾಡಿಸಿ ಎಂದರು. ಬೆಂಗಳೂರಿನಲ್ಲಿ ಮಾಡಿಸಿದೆವು. ಸೀಡಿಯ ಜೊತೆ ಕೊಟ್ಟ ‘ಸ್ವಯಂಚಾಲಿತ ವಿಶ್ಲೇಷಣೆ’ ಎಂಬ ಹಾಳೆಯಲ್ಲಿ ಇ.ಎಫ್. (ಅದೇ ಪಂಪಿಂಗ್ ಸಂಖ್ಯೆ) ಶೇ 35 ಎಂದಿದೆ. ವೈದ್ಯರು ಸಹಿ ಹಾಕಿದ ವರದಿಯಲ್ಲಿ ಶೇ 41. ಹೃದಯ ಹಿಗ್ಗಿದಾಗಿನ ಪ್ರಮಾಣ ಎರಡರಲ್ಲೂ 220 ಮಿ.ಲೀ.; ಕುಗ್ಗಿದಾಗಿನದು ಯಂತ್ರದ ಹಾಳೆಯಲ್ಲಿ 143, ವೈದ್ಯರ ವರದಿಯಲ್ಲಿ 129. ಅಮೆರಿಕದಲ್ಲಿರುವ ತಮ್ಮ, ‘ಡೀಪ್ ಲರ್ನಿಂಗ್ ತಂತ್ರಾಂಶ ಸಾವಿರಾರು ಹೃದಯ ನೋಡಿ ಕಲಿತಿರುತ್ತದೆ, ಅದನ್ನು ಡಾಕ್ಟರ್ ಯಾಕೆ ತಿದ್ದಬೇಕು’ ಎನ್ನುತ್ತಾನೆ. ಚಿಕ್ಕಪ್ಪ, ‘ಈಗೆಲ್ಲ ಕಂಪ್ಯೂಟರ್ ಬರೆದದ್ದಕ್ಕೆ ಡಾಕ್ಟರ್ ಸಹಿ ಹಾಕುತ್ತಾರೆ, ಎರಡನ್ನೂ ನಂಬಬೇಡ’ ಎನ್ನುತ್ತಾರೆ. ಚಿತ್ರಗಳನ್ನು ಯಾವುದಾದರೂ ಚಾಟ್‌ಬಾಟ್‌ಗೆ ಹಾಕಿ ಕೇಳೋಣ ಎಂದೂ ತಮ್ಮ ಹೇಳುತ್ತಿದ್ದಾನೆ. ಸ್ಕ್ಯಾನ್ ವೇಳೆ ಉಸಿರು ಹಿಡಿಯಲು ಅಪ್ಪ ಬಹಳ ಒದ್ದಾಡಿದರು. ಮತ್ತೆ ಮಾಡಿಸಬೇಕೆ?
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಕುಗ್ಗಿದಾಗಿನ ಮತ್ತು ಹಿಗ್ಗಿದಾಗಿನ ಪ್ರಮಾಣಗಳನ್ನೂ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಬರೀ 35 ಮತ್ತು 41 ಎಂದಷ್ಟೇ ಬರೆದಿದ್ದರೆ ನನಗೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. 220 ಎರಡರಲ್ಲೂ ಒಂದೇ, ವ್ಯತ್ಯಾಸವೆಲ್ಲ ಕುಗ್ಗಿದಾಗಿನ 14 ಮಿ.ಲೀ.ನಲ್ಲಿದೆ ಎಂದರೆ ಜಗಳ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಚಿತ್ರಗಳನ್ನು ನಾನು ನೋಡಿಲ್ಲವಾದ್ದರಿಂದ ಇದು ಊಹೆಯೇ. ಆದರೆ ಹೃದಯದ ಎಂಆರ್‌ಐ ಓದುವವರು ವಾರಕ್ಕೊಮ್ಮೆಯಾದರೂ ಎದುರಿಸುವ ಸಂಗತಿ ಇದು.

ಮೊದಲು ಈ ಸಂಖ್ಯೆ ಹುಟ್ಟುವ ಬಗೆ. ಎಂಆರ್‌ಐ ಯಂತ್ರ ಇ.ಎಫ್. ಅನ್ನು ಅಳೆಯುವುದಿಲ್ಲ, ಚಿತ್ರ ತೆಗೆಯುತ್ತದೆ ಅಷ್ಟೆ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಂತೆ ಹೃದಯವನ್ನು ಬುಡದಿಂದ ತುದಿಯವರೆಗೆ ಹತ್ತು-ಹನ್ನೆರಡು ಅಡ್ಡ ಹೋಳುಗಳಲ್ಲಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಒಂದು ಹೋಳು 8 ಮಿ.ಮೀ. ದಪ್ಪ, ಮುಂದಿನದಕ್ಕೂ ಅದಕ್ಕೂ ನಡುವೆ 2 ಮಿ.ಮೀ. ಅಂತರ. ಪ್ರತಿ ಹೋಳಿನಲ್ಲೂ ಒಂದು ಬಡಿತದ ಅವಧಿಯನ್ನು ಇಪ್ಪತ್ತೈದು-ಮೂವತ್ತು ಚಿತ್ರಗಳಾಗಿ ತುಂಡರಿಸಲಾಗುತ್ತದೆ. ನಿಮ್ಮ ತಂದೆ ಉಸಿರು ಹಿಡಿದು ಒದ್ದಾಡಿದ್ದು ಇದಕ್ಕಾಗಿಯೇ. ಆಮೇಲೆ ಯಾರೋ ಒಬ್ಬರು ಕುಳಿತು ಪ್ರತಿ ಹೋಳಿನಲ್ಲಿ ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ತಳ್ಳುವ ಕೆಳಕೋಣೆ) ಒಳಗೋಡೆಯ ಸುತ್ತ ಗೆರೆ ಎಳೆಯಬೇಕು: ಪೂರ್ತಿ ಹಿಗ್ಗಿದಾಗ ಒಮ್ಮೆ, ಪೂರ್ತಿ ಕುಗ್ಗಿದಾಗ ಒಮ್ಮೆ. ಗೆರೆಯೊಳಗಿನ ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿ ಎಲ್ಲವನ್ನೂ ಕೂಡಿದರೆ ಪ್ರಮಾಣ ಸಿಗುತ್ತದೆ. ಹಿಗ್ಗಿದಾಗ ಇದ್ದ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ಹೋಯಿತು ಎಂಬುದೇ ಇ.ಎಫ್. ಡೀಪ್ ಲರ್ನಿಂಗ್ ತಂತ್ರಾಂಶ ವಹಿಸಿಕೊಂಡಿರುವುದು ಈ ಗೆರೆ ಎಳೆಯುವ ಕೆಲಸವನ್ನು. ಉಳಿದದ್ದು ಶಾಲೆಯ ಗಣಿತ.

ಈಗ ನಿಮ್ಮ ಹಾಳೆಗಳಿಗೆ ಬರೋಣ. ಹೃದಯ ಕುಗ್ಗುವಾಗ ಬರೀ ಸುತ್ತಳತೆ ಕಡಿಮೆಯಾಗುವುದಿಲ್ಲ. ಬುಡದಲ್ಲಿರುವ ಮೈಟ್ರಲ್ ಕವಾಟ ತುದಿಯ ಕಡೆಗೆ ಜಾರುತ್ತದೆ. ಆರೋಗ್ಯವಂತರಲ್ಲಿ ಇದು ಒಂದು ಸೆಂಟಿಮೀಟರಿಗಿಂತ ಹೆಚ್ಚೇ ಇರುತ್ತದೆ, ಹೃದಯಾಘಾತವಾದವರಲ್ಲಿ ಅದಕ್ಕಿಂತ ಕಡಿಮೆ. ಎಂಆರ್‌ಐ ಹೋಳು ಮಾತ್ರ ಇದ್ದಲ್ಲೇ ಇರುತ್ತದೆ. ಹೀಗಾಗಿ ಹಿಗ್ಗಿದಾಗ ಹೃತ್ಕುಕ್ಷಿಯನ್ನು ತೋರಿಸುತ್ತಿದ್ದ ಅದೇ ಮೇಲಿನ ಹೋಳು, ಕುಗ್ಗಿದಾಗ ಕವಾಟದ ಆಚೆಗಿನ ಮೇಲುಕೋಣೆಯಾದ ಹೃತ್ಕರ್ಣವನ್ನು ತೋರಿಸುತ್ತಿರಬಹುದು. ನೋಡಲು ಎರಡೂ ದುಂಡಗಿನ ಬಿಳಿ ರಕ್ತದ ಕೊಳಗಳೇ. ತಂತ್ರಾಂಶ ಅದನ್ನೂ ಹೃತ್ಕುಕ್ಷಿ ಎಂದುಕೊಂಡು ಗೆರೆ ಎಳೆದರೆ? 14 ಚದರ ಸೆಂಟಿಮೀಟರ್ ವಿಸ್ತೀರ್ಣದ ಒಂದು ಹೋಳು, ಅಂತರ ಸೇರಿಸಿ ಒಂದು ಸೆಂಟಿಮೀಟರ್ ದಪ್ಪ: 14 ಮಿ.ಲೀ. 129 ಇದ್ದದ್ದು 143 ಆಯಿತು, ಶೇ 41 ಇದ್ದದ್ದು ಶೇ 35 ಆಯಿತು. ನಿಮ್ಮ ತಂದೆಯವರ ಹೃದಯದಲ್ಲಿ ಏನೂ ಬದಲಾಗಿಲ್ಲ. ಒಂದು ಹೋಳು ಲೆಕ್ಕಕ್ಕೆ ಸೇರಬೇಕೇ ಬೇಡವೇ ಎಂಬಲ್ಲಿ ಯಂತ್ರಕ್ಕೂ ವೈದ್ಯರಿಗೂ ಅಭಿಪ್ರಾಯಭೇದ ಬಂದಿದೆ.

ವೈದ್ಯರೇ ಸರಿ ಎಂದು ನಾನು ತೀರ್ಪು ಕೊಡುತ್ತಿಲ್ಲ. ನಿಜವಾದ ಹೃತ್ಕುಕ್ಷಿಯ ಹೋಳನ್ನೇ ಅವರು ಕಿತ್ತು ಹಾಕಿರುವ ಸಾಧ್ಯತೆಯೂ ಇದೆ. ಪರೀಕ್ಷಿಸಲು ಎರಡು ದಾರಿಗಳಿವೆ, ಎರಡಕ್ಕೂ ಹೊಸ ಸ್ಕ್ಯಾನ್ ಬೇಡ. ಒಂದು, ಹೃದಯವನ್ನು ಉದ್ದಕ್ಕೆ ಸೀಳಿದಂತೆ ತೆಗೆದ ಚಿತ್ರಗಳು ಅದೇ ಸೀಡಿಯಲ್ಲಿರುತ್ತವೆ. ಅವುಗಳಲ್ಲಿ ಕವಾಟ ಸ್ಪಷ್ಟವಾಗಿ ಕಾಣುತ್ತದೆ, ಆ ಹೋಳು ಕವಾಟದ ಈಚೆಗಿದೆಯೋ ಆಚೆಗೋ ಎಂದು ನೋಡಬಹುದು. ಇನ್ನೊಂದು ನನಗೆ ಹೆಚ್ಚು ಇಷ್ಟವಾದದ್ದು. ಯಂತ್ರದ ಲೆಕ್ಕದಲ್ಲಿ ಪ್ರತಿ ಬಡಿತಕ್ಕೆ 77 ಮಿ.ಲೀ. ರಕ್ತ ಹೊರಬಿತ್ತು, ವೈದ್ಯರ ಲೆಕ್ಕದಲ್ಲಿ 91. ಕವಾಟಗಳು ಸೋರದಿದ್ದರೆ ಮತ್ತು ಹೃದಯದ ಗೋಡೆಗಳಲ್ಲಿ ರಂಧ್ರವಿಲ್ಲದಿದ್ದರೆ ಬಲ ಹೃತ್ಕುಕ್ಷಿಯೂ ಹೆಚ್ಚುಕಡಿಮೆ ಅಷ್ಟೇ ರಕ್ತವನ್ನು ತಳ್ಳಬೇಕು, ಮಹಾಪಧಮನಿಯಲ್ಲೂ ಅಷ್ಟೇ ಹರಿಯಬೇಕು. ವರದಿಯಲ್ಲಿ ಬಲಭಾಗದ ಸ್ಟ್ರೋಕ್ ವಾಲ್ಯೂಮ್ (ಒಂದು ಬಡಿತಕ್ಕೆ ಹೊರಬೀಳುವ ರಕ್ತ) ಅಥವಾ ಮಹಾಪಧಮನಿಯ ಹರಿವು ಎಂಬ ಸಾಲಿದೆಯೇ ನೋಡಿ. ಅಲ್ಲಿ ತೊಂಬತ್ತರ ಆಸುಪಾಸು ಇದ್ದರೆ ವೈದ್ಯರ ಕಡೆ ತೂಕ, ಎಪ್ಪತ್ತೈದರ ಸುತ್ತ ಇದ್ದರೆ ಯಂತ್ರದ ಕಡೆ. ಮೈಟ್ರಲ್ ಕವಾಟ ಸೋರುತ್ತಿದೆ ಎಂದು ಬರೆದಿದ್ದರೆ ಮಾತ್ರ ಈ ಹೋಲಿಕೆ ನೇರವಾಗಿ ಹೊಂದುವುದಿಲ್ಲ.

ನಿಮ್ಮ ತಮ್ಮನ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಈ ತಂತ್ರಾಂಶಗಳ ಬೇರು 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ‘ಯು-ನೆಟ್’ ಎಂಬ ವಿನ್ಯಾಸದಲ್ಲಿದೆ. ತಜ್ಞರು ಗೆರೆ ಎಳೆದ ಸಾವಿರಾರು ಚಿತ್ರಗಳನ್ನು ಕೊಟ್ಟರೆ, ಹೊಸ ಚಿತ್ರದಲ್ಲಿ ಯಾವ ಚುಕ್ಕೆ ರಕ್ತ, ಯಾವುದು ಸ್ನಾಯು ಎಂದು ವಿಂಗಡಿಸುವುದನ್ನು ಅದು ಕಲಿಯುತ್ತದೆ. 2018ರಲ್ಲಿ ಸಂಶೋಧನೆಗಾಗಿ ಸ್ವಯಂಸೇವಕರ ಆರೋಗ್ಯ ಮಾಹಿತಿ ಕೂಡಿಟ್ಟಿರುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನ 4,875 ಜನರ 93,500 ಚಿತ್ರಗಳ ಮೇಲೆ ನಡೆದ ಅಧ್ಯಯನದಲ್ಲಿ ಎಡ ಹೃತ್ಕುಕ್ಷಿಯ ಗೆರೆಗಳು ತಜ್ಞರ ಗೆರೆಗಳೊಂದಿಗೆ ಬಹುತೇಕ ಕೂಡಿಕೊಂಡವು. ಪೂರ್ತಿ ಹೊಂದಿದರೆ 1 ಎನ್ನುವ ಅಳತೆಗೋಲಿನಲ್ಲಿ ಅದಕ್ಕೆ ಸಿಕ್ಕಿದ್ದು 0.94. ಇನ್ನೊಂದು ಅಧ್ಯಯನ 2019ರದು, ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದು. 110 ರೋಗಿಗಳನ್ನು ಎರಡೆರಡು ಬಾರಿ ಸ್ಕ್ಯಾನ್ ಮಾಡಿ, ಎರಡು ಸಂಖ್ಯೆಗಳು ಎಷ್ಟು ಹತ್ತಿರ ಬರುತ್ತವೆ ಎಂದು ನೋಡಿದರು. ತಜ್ಞರಿಗೆ ಒಂದು ಹೃದಯಕ್ಕೆ 13 ನಿಮಿಷ ಬೇಕಾಯಿತು, ಯಂತ್ರಕ್ಕೆ ನಾಲ್ಕು ಸೆಕೆಂಡು. ನಿಖರತೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಅಂದರೆ ತಜ್ಞರ ಕೈಯಲ್ಲೂ ಎರಡನೇ ಸ್ಕ್ಯಾನಿನ ಸಂಖ್ಯೆ ಒಂದಷ್ಟು ಆಚೀಚೆ ಆಗುತ್ತಿತ್ತು. ಇ.ಎಫ್. ಎಂಬುದು ಯಾರು ಅಳೆದರೂ ಕೆಲವು ಅಂಶಗಳ ಅಗಲವಿರುವ ಪಟ್ಟಿ. ವರದಿಗಳು ಅದನ್ನು ಒಂದೇ ಅಂಕಿಯಾಗಿ ಮುದ್ರಿಸುವುದರಿಂದ ಮನೆಗಳಲ್ಲಿ ಇಷ್ಟೆಲ್ಲ ಚರ್ಚೆ.

ಸಂಜೆಯ ಹೊತ್ತಿಗೆ ಕಣ್ಣು ಸೋತ ವೈದ್ಯರು ಎಳೆಯುವ ಗೆರೆಗಿಂತ ಯಂತ್ರದ ಗೆರೆ ಸ್ಥಿರ ಎಂಬುದನ್ನೂ ಒಪ್ಪುತ್ತೇನೆ. ಒಂದೇ ಚಿತ್ರಗಳನ್ನು ನೂರು ಸಲ ಕೊಟ್ಟರೂ ಅದು ಅದೇ ಉತ್ತರ ಕೊಡುತ್ತದೆ. ತಪ್ಪಿದರೆ ನೂರು ಸಲವೂ ಅದೇ ತಪ್ಪು, ಅದೂ ಅಷ್ಟೇ ಆತ್ಮವಿಶ್ವಾಸದಿಂದ. ಸರಾಸರಿ ಅಂಕ ನೋಡಿದರೆ ಇದು ಕಾಣುವುದಿಲ್ಲ, ತಪ್ಪುಗಳು ಎಲ್ಲಿ ಗುಂಪುಗೂಡುತ್ತವೆ ಎಂದು ನೋಡಬೇಕು. ಫ್ರಾನ್ಸಿನ ದಿಜೋಂ ನಗರದ ಆಸ್ಪತ್ರೆಯ 150 ಜನರ ಎಂಆರ್‌ಐಗಳನ್ನು ಇಟ್ಟುಕೊಂಡು 2017ರಲ್ಲಿ ‘ಎಸಿಡಿಸಿ’ ಎಂಬ ಸ್ಪರ್ಧೆ ನಡೆಯಿತು. ಹಲವು ತಂಡಗಳು ಬಹಳ ಚೆನ್ನಾಗಿ ಮಾಡಿದವು. ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಇದ್ದದ್ದು ಎರಡೇ ಕಡೆ: ಹೃದಯದ ತುದಿಯಲ್ಲಿ ಮತ್ತು ಬುಡದ ಕವಾಟದ ಹತ್ತಿರ. ತುದಿಯ ತಪ್ಪಿನಿಂದ ಇ.ಎಫ್.ಗೆ ದೊಡ್ಡ ನಷ್ಟವಿಲ್ಲ, ಅಲ್ಲಿರುವ ರಕ್ತವೇ ಕಡಿಮೆ. ಬುಡದ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ನಿಮ್ಮ ಎರಡು ಹಾಳೆಗಳೇ ಸಾಕ್ಷಿ.

ಯಂತ್ರ ಯಾರ ಹೃದಯಗಳನ್ನು ನೋಡಿ ಕಲಿತಿದೆ ಎಂಬ ಪ್ರಶ್ನೆಯನ್ನೂ ನಿಮ್ಮ ತಮ್ಮ ಕೇಳಿಕೊಳ್ಳಲಿ. ಯುಕೆ ಬಯೋಬ್ಯಾಂಕಿನವರು ಬಹುಪಾಲು ಬಿಳಿಯರು, ಬಹುಪಾಲು ಆರೋಗ್ಯವಂತ ಸ್ವಯಂಸೇವಕರು. ಅದೇ ಭಂಡಾರದಿಂದ ಕಲಿಸಿದ ಮಾದರಿ ಬಿಳಿಯರಲ್ಲದವರ ಹೃದಯಗಳ ಮೇಲೆ ಕಡಿಮೆ ಅಂಕ ಪಡೆಯಿತು ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2021ರಲ್ಲಿ ತೋರಿಸಿದರು. ಸ್ಕ್ಯಾನರ್ ಬದಲಾದರೂ ಅಷ್ಟೇ. ಸ್ಪೇನ್, ಜರ್ಮನಿ, ಕೆನಡಾಗಳ ಆರು ಕೇಂದ್ರಗಳಿಂದ 375 ಜನರ ಚಿತ್ರಗಳನ್ನು ನಾಲ್ಕು ಕಂಪನಿಗಳ ಯಂತ್ರಗಳಲ್ಲಿ ತೆಗೆದು 2020ರಲ್ಲಿ ಇನ್ನೊಂದು ಸ್ಪರ್ಧೆ ನಡೆಸಿದಾಗ, ಕಲಿಕೆಯಲ್ಲಿ ನೋಡಿರದ ಕಂಪನಿಯ ಚಿತ್ರ ಬಂದಾಗ ಮಾದರಿಗಳು ಮುಗ್ಗರಿಸುವುದು ಕಂಡುಬಂತು. ಭಾರತೀಯರ ಹೃತ್ಕುಕ್ಷಿ ಸರಾಸರಿಯಲ್ಲಿ ಯೂರೋಪಿಯನ್ನರದಕ್ಕಿಂತ ಚಿಕ್ಕದು. ಹೃದಯಾಘಾತದ ನಂತರ ತೆಳುವಾದ ಗೋಡೆ, ಉಬ್ಬಿದ ಭಾಗ, ಒಳಗೆ ಕಟ್ಟಿಕೊಂಡ ರಕ್ತದ ಹೆಪ್ಪು ಇವೆಲ್ಲ ಆರೋಗ್ಯವಂತರ ಚಿತ್ರಗಳಲ್ಲಿ ಇರುವುದೇ ಇಲ್ಲ. ಉಸಿರು ತಪ್ಪಿ ಮಸುಕಾದ ಚಿತ್ರವನ್ನು ಕಂಡರೆ ಮನುಷ್ಯ ‘ಇದು ಓದಲಾಗದು’ ಎನ್ನುತ್ತಾನೆ. ಗುಣಮಟ್ಟ ಪರೀಕ್ಷೆಯನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ ತಂತ್ರಾಂಶ ಅದರ ಮೇಲೂ ಅಂದವಾದ ಗೆರೆ ಎಳೆದು ಮುಂದಕ್ಕೆ ಹೋಗುತ್ತದೆ.

ಚಿಕ್ಕಪ್ಪನವರ ಅನುಮಾನಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಂಪ್ಯೂಟರ್ ಬರೆದದ್ದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ್ದರೆ ಎರಡೂ ಹಾಳೆಗಳಲ್ಲಿ 35 ಇರುತ್ತಿತ್ತು. ಆ ಕೇಂದ್ರದಲ್ಲಿ ಯಾರೋ ಒಬ್ಬರು ಹೋಳುಗಳನ್ನು ತೆರೆದು ನೋಡಿದ್ದಾರೆ. ಆದರೆ ಚಿಕ್ಕಪ್ಪನವರ ಭಯ ಪೂರ್ತಿ ಸುಳ್ಳಲ್ಲ. ಯಂತ್ರದ ಗೆರೆ ಚೆನ್ನಾಗಿ ಕಂಡಾಗ ಅದನ್ನು ಪ್ರಶ್ನಿಸದೆ ಬಿಡುವ ಪ್ರವೃತ್ತಿ ನಮ್ಮ ವೃತ್ತಿಯಲ್ಲಿ ಇದೆ. ದಿನಕ್ಕೆ ಓದಬೇಕಾದ ಸ್ಕ್ಯಾನುಗಳು ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ. ನನಗೆ ಎರಡು ಬೇರೆ ಸಂಖ್ಯೆಗಳಿರುವ ವರದಿಗಿಂತ, ಯಾರು ಗೆರೆ ಎಳೆದರು, ಯಾರು ನೋಡಿದರು ಎಂಬ ಒಂದು ಸಾಲೂ ಇಲ್ಲದ ವರದಿಯ ಬಗ್ಗೆ ಹೆಚ್ಚು ಆತಂಕ. ಯಂತ್ರದ ಕಚ್ಚಾ ಹಾಳೆಯನ್ನು ವಿವರಣೆಯಿಲ್ಲದೆ ಸೀಡಿಯ ಜೊತೆ ಕೊಟ್ಟು ಕಳಿಸಿದ್ದು ಮಾತ್ರ ಸರಿಯಲ್ಲ. ಅದು ವೈದ್ಯರ ಕರಡು, ಮನೆಯವರ ಕೈಗೆ ಹೋಗುವ ಕಾಗದವಲ್ಲ.

ಎಕೋದ 38 ಎಲ್ಲಿಗೆ ಸೇರುತ್ತದೆ? ಅದನ್ನು ಈ ಎರಡರ ನಡುವಿನ ಪಂಚಾಯಿತಿಗೆ ಕರೆಯಬೇಡಿ. ಎಕೋ ಎರಡು ಕೋನಗಳಿಂದ ನೋಡಿ ಉಳಿದ ಆಕಾರವನ್ನು ಊಹಿಸುತ್ತದೆ, ಎಂಆರ್‌ಐ ಪೂರ್ತಿ ಹೃದಯವನ್ನು ಹೋಳು ಹೋಳಾಗಿ ನೋಡುತ್ತದೆ. ಎರಡು ವಿಧಾನಗಳ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ‘ಏರಿತು’, ‘ಇಳಿಯಿತು’ ಎನ್ನಲಾಗದು.

ನಿಮಗೆಲ್ಲ ನಿದ್ದೆಗೆಡಿಸಿರುವ ಆ 35ರ ಗಡಿಯ ಬಗ್ಗೆ. ಹಿಂದೆ ಹೃದಯಾಘಾತವಾಗಿ ಇ.ಎಫ್. ಶೇ 30 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಐಸಿಡಿ ಜೀವ ಉಳಿಸುತ್ತದೆ ಎಂದು 2002ರಲ್ಲಿ ‘ಮ್ಯಾಡಿಟ್-2’ ಅಧ್ಯಯನ ತೋರಿಸಿತು. ಶೇ 35 ಎಂಬ ಗಡಿಗೆ ಬಲ ಬಂದದ್ದು 2005ರ ‘ಎಸ್‌ಸಿಡಿ-ಹೆಫ್ಟ್’ ಅಧ್ಯಯನದಿಂದ. ಅವುಗಳಲ್ಲಿ ಇ.ಎಫ್. ಅಳೆದದ್ದು ಎಕೋ, ಆಂಜಿಯೋಗ್ರಾಂ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್‌ನಿಂದ, ಹೃದಯದ ಎಂಆರ್‌ಐನಿಂದಲ್ಲ, ಡೀಪ್ ಲರ್ನಿಂಗ್‌ನಿಂದಂತೂ ಅಲ್ಲವೇ ಅಲ್ಲ. ಹಾಗಿರುವಾಗ ಎಂಆರ್‌ಐನ 35ಕ್ಕೂ 36ಕ್ಕೂ ನಡುವೆ ಗೋಡೆ ಕಟ್ಟಿ ಕೂರುವುದರಲ್ಲಿ ಅರ್ಥವಿಲ್ಲ. ಹೃದಯಾಘಾತವಾಗಿ ಕನಿಷ್ಠ 40 ದಿನ, ಸ್ಟೆಂಟ್ ಹಾಕಿ ಹಾಗೂ ಸರಿಯಾದ ಔಷಧಿ ಶುರುವಾಗಿ ಸುಮಾರು ಮೂರು ತಿಂಗಳು ಕಳೆದ ಮೇಲೆ ಅಳೆದ ಸಂಖ್ಯೆ, ನಡೆದಾಡುವಾಗಿನ ಏದುಸಿರು, ಇಸಿಜಿ ಇವನ್ನೆಲ್ಲ ಒಟ್ಟಿಗೆ ನೋಡಿ ಹೃದ್ರೋಗ ತಜ್ಞರು ತೀರ್ಮಾನಿಸುತ್ತಾರೆ. ಎಂಆರ್‌ಐ ಮಾಡಿಸಿದ್ದರಿಂದ ಸಿಕ್ಕ ದೊಡ್ಡ ಲಾಭ ಇ.ಎಫ್. ಕೂಡ ಅಲ್ಲ. ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ತೆಗೆದ ಚಿತ್ರಗಳಲ್ಲಿ ಸತ್ತ ಸ್ನಾಯುವಿನ ಕಲೆ ಬೆಳ್ಳಗೆ ಕಾಣುತ್ತದೆ. ಅಪಾಯಕಾರಿ ಬಡಿತ ಹುಟ್ಟುವುದು ಹೆಚ್ಚಾಗಿ ಆ ಕಲೆಯ ಅಂಚಿನಿಂದ. ಕಲೆ ಎಷ್ಟು ದೊಡ್ಡದು, ಗೋಡೆಯ ಎಷ್ಟು ಆಳಕ್ಕೆ ಹೋಗಿದೆ ಎಂದು ವರದಿಯ ಆ ಪ್ಯಾರಾವನ್ನು ವೈದ್ಯರ ಬಳಿ ಕೇಳಿ ತಿಳಿದುಕೊಳ್ಳಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ಹಿಡಿಯುತ್ತಿದ್ದುದು ಅತ್ಯಂತ ಅಗ್ಗದ್ದು: ವರದಿಗೆ ಸಹಿ ಹಾಕಿದ ವೈದ್ಯರನ್ನೋ ಆ ಕೇಂದ್ರವನ್ನೋ ಸಂಪರ್ಕಿಸಿ, ‘ಗೆರೆಗಳನ್ನು ತಿದ್ದಿದ್ದೀರಾ, ಬುಡದ ಹೋಳನ್ನು ತೆಗೆದಿದ್ದೀರಾ’ ಎಂದು ಕೇಳುವುದು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಎರಡು ಸಾಲಿನ ಪೂರಕ ವರದಿ ಕೊಟ್ಟರೆ ಇನ್ನೂ ಒಳ್ಳೆಯದು, ನಿಮ್ಮ ಊರಿನ ಹೃದ್ರೋಗ ತಜ್ಞರಿಗೂ ಗೊಂದಲವಿರುವುದಿಲ್ಲ.

ಸಮಾಧಾನವಾಗದಿದ್ದರೆ ಅದೇ ಸೀಡಿಯನ್ನು ಹೃದಯದ ಎಂಆರ್‌ಐ ನಿತ್ಯ ಓದುವ ಇನ್ನೊಬ್ಬರಿಗೆ ಕೊಟ್ಟು ಮರು ವಿಶ್ಲೇಷಣೆ ಮಾಡಿಸಬಹುದು. ಇದರ ಅಪಾಯವೆಂದರೆ ಮೂರನೆಯ ಸಂಖ್ಯೆ. ಹೃತ್ಕುಕ್ಷಿಯೊಳಗಿನ ಕಂಬದಂಥ ಪ್ಯಾಪಿಲರಿ ಸ್ನಾಯುಗಳನ್ನು ಕೆಲವರು ರಕ್ತದ ಲೆಕ್ಕಕ್ಕೆ ಸೇರಿಸುತ್ತಾರೆ, ಕೆಲವರು ಸ್ನಾಯುವಿನ ಲೆಕ್ಕಕ್ಕೆ. ಎರಡೂ ಒಪ್ಪಿತ ವಿಧಾನಗಳೇ, ಆದರೆ ಪ್ರಮಾಣಗಳು ಬೇರೆ ಬರುತ್ತವೆ. ಅವರು 39 ಎಂದರೆ ಅದನ್ನು ಹೊಸ ತಗಾದೆ ಎಂದುಕೊಳ್ಳಬೇಡಿ, 41ರ ಪಕ್ಕದ ಮನೆ ಅದು.

ಈಗಲೇ ಮತ್ತೆ ಸ್ಕ್ಯಾನ್ ಬೇಡ ಎಂಬುದು ನನ್ನ ಅಭಿಪ್ರಾಯ, ಚಿತ್ರಗಳು ಓದಲಾಗದಷ್ಟು ಕೆಟ್ಟಿವೆ ಎಂದು ವರದಿಯಲ್ಲಿ ಬರೆದಿಲ್ಲದಿದ್ದರೆ. ಔಷಧಿಗಳ ಪ್ರಮಾಣ ಏರಿಸುವ ಅವಕಾಶ ಇನ್ನೂ ಇದ್ದರೆ ಅದನ್ನು ಮುಗಿಸಿ, ಮೂರು ತಿಂಗಳ ನಂತರ ತಜ್ಞರು ಬಯಸಿದರೆ ಅದೇ ಕೇಂದ್ರದಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ. ಮೂತ್ರಪಿಂಡ ತೀರ ದುರ್ಬಲವಾಗಿದ್ದರೆ ಗ್ಯಾಡೋಲಿನಿಯಂ ಬಗ್ಗೆ ಎಚ್ಚರ ಬೇಕು, ಕ್ರಿಯಾಟಿನಿನ್ ವರದಿ ಜೊತೆಗಿರಲಿ. ಉಸಿರಿನ ಕಷ್ಟವನ್ನು ಮೊದಲೇ ತಂತ್ರಜ್ಞರಿಗೆ ಹೇಳಿ. ಉಸಿರು ಹಿಡಿಯುವ ಅವಧಿಯನ್ನು ಬಹಳ ಕಡಿಮೆ ಮಾಡುವ ಅಥವಾ ಹಿಡಿಯುವುದೇ ಬೇಡದ ವಿಧಾನಗಳು ಈಗಿವೆ. ಇಲ್ಲೂ ಡೀಪ್ ಲರ್ನಿಂಗ್ ಇದೆ, ಕೆಲಸ ಮಾತ್ರ ಬೇರೆ: ಯಂತ್ರ ಅರ್ಧಂಬರ್ಧ ಸಂಗ್ರಹಿಸಿದ ಸಂಕೇತಗಳಿಂದ ಪೂರ್ತಿ ಚಿತ್ರ ಕಟ್ಟುವುದು. ಒದ್ದಾಡುವ ರೋಗಿಗಳಿಗೆ ಇದು ದೊಡ್ಡ ವರ. ಅತಿಯಾಗಿ ಬಳಸಿದರೆ ಚಿತ್ರ ನುಣುಪಾಗಿ ಕಂಡು ಸಣ್ಣ ಕಲೆಗಳು ಅಳಿಸಿಹೋಗಬಹುದು, ಆದ್ದರಿಂದ ಕಲೆಯ ಚಿತ್ರಗಳ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ.

ಐಸಿಡಿಯನ್ನು ಮುಂದೂಡಿದರೆ ಆ ಅವಧಿಯಲ್ಲಿ ಹಠಾತ್ ಬಡಿತ ಕೆಡುವ ಅಪಾಯ ಪೂರ್ತಿ ಸೊನ್ನೆಯಲ್ಲ. ಅವಸರದಲ್ಲಿ ಕೂರಿಸಿದರೆ ಸೋಂಕು, ಅನಗತ್ಯ ಶಾಕ್, ವರ್ಷಗಳ ನಂತರ ಬ್ಯಾಟರಿ ಬದಲಾವಣೆ ಇವೆಲ್ಲ ಜೊತೆಗೆ ಬರುತ್ತವೆ. ಈ ತೂಕವನ್ನು ನಿಮ್ಮ ತಂದೆಯನ್ನು ಕಣ್ಣಾರೆ ನೋಡಿದ ತಜ್ಞರೇ ಹಾಕಬೇಕು. ಈ ನಡುವೆ ನಿಮ್ಮ ತಂದೆ ಎಚ್ಚರ ತಪ್ಪಿ ಬಿದ್ದರೆ, ಎದೆಬಡಿತ ಏಕಾಏಕಿ ಓಟಕ್ಕೆ ನಿಂತರೆ, ಯಾವ ಸಂಖ್ಯೆಯ ಇತ್ಯರ್ಥಕ್ಕೂ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಚಾಟ್‌ಬಾಟ್‌ಗೆ ಹಾಕುವುದು ಬೇಡ. ಸೀಡಿಯಲ್ಲಿರುವುದು ಚಲಿಸುವ ನೂರಾರು ಚಿತ್ರಗಳು. ಮೊಬೈಲಿನಲ್ಲಿ ಕ್ಲಿಕ್ಕಿಸಿದ ನಾಲ್ಕು ಸ್ಥಿರ ಚಿತ್ರಗಳಿಂದ ಯಾರೂ ಇ.ಎಫ್. ಹೇಳಲಾರರು, ಆದರೆ ಅಂಥ ತಂತ್ರಾಂಶ ಹೇಳಿಬಿಡುವ ಸಂಭವವಿದೆ. ಆಸ್ಪತ್ರೆಯ ವಿಶ್ಲೇಷಣಾ ತಂತ್ರಾಂಶವೂ ಅದೂ ಒಂದೇ ಜಾತಿಯಲ್ಲ. ರೋಗನಿರ್ಣಯಕ್ಕೆ ಬಳಸುವ ತಂತ್ರಾಂಶ ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನವೆಂದೇ ಕಾನೂನಿನ ವ್ಯಾಪ್ತಿಗೆ ಬಂದಿದೆ. ಸಾಮಾನ್ಯ ಚಾಟ್‌ಬಾಟ್ ಹೃದಯದ ಗೆರೆ ಎಳೆಯಲು ಪರೀಕ್ಷೆಗೊಳಪಟ್ಟದ್ದಲ್ಲ. ಜೊತೆಗೆ ಎಂಆರ್‌ಐ ಕಡತಗಳ ಒಳಗೆ ನಿಮ್ಮ ತಂದೆಯ ಹೆಸರು, ಹುಟ್ಟಿದ ದಿನಾಂಕ, ಆಸ್ಪತ್ರೆಯ ಸಂಖ್ಯೆ ಅಡಗಿ ಕುಳಿತಿರುತ್ತವೆ, ಚಿತ್ರದಲ್ಲಿ ಕಾಣದಿದ್ದರೂ. ತಮ್ಮನಿಗೆ ನಿಜವಾಗಿ ನೆರವಾಗುವ ಮನಸ್ಸಿದ್ದರೆ ಸೀಡಿಯ ಒಂದು ಪ್ರತಿ ಮಾಡಿ ಮನೆಯಲ್ಲಿಡಲಿ, ಎರಡೂ ಹಾಳೆಗಳನ್ನು, ಎಕೋ ವರದಿಯನ್ನು, ಈಗಿನ ಮಾತ್ರೆಗಳ ಪಟ್ಟಿಯನ್ನು ಒಂದೇ ಕಡತದಲ್ಲಿ ಸೇರಿಸಲಿ. ಮುಂದಿನ ಭೇಟಿಯಲ್ಲಿ ಹೃದ್ರೋಗ ತಜ್ಞರು ಕೇಳುವುದು ಅವನ್ನೇ.